ಕಿತ್ತ ಮಾವಿನೊಳಗಿನ ಹುಳುವೂ ಒಂದು ಗಂಟೆಯ ಬಿಸಿನೀರೂ

(ಕೋಲಾರ ಜಿಲ್ಲೆಯ ಮಾವು ಬೆಳೆಗಾರರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಯುರೋಪಿಗೆ ಹೋಗುವ ಬಾದಾಮಿ ಮಾವನ್ನು 48 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ 60 ನಿಮಿಷ ಮುಳುಗಿಸಿ ಕಳಿಸುತ್ತೇವೆ. ಜಪಾನಿಗೆ ಹೋಗುವುದನ್ನು ಬಿಸಿ ಹಬೆಯ ಕೋಣೆಯಲ್ಲಿ ಇಡುತ್ತೇವೆ. ಅಮೆರಿಕಕ್ಕೆ ಹೋಗುವುದಕ್ಕೆ ಗಾಮಾ ವಿಕಿರಣ ಹಾಯಿಸುತ್ತೇವೆ. ಅದೇ ಮರದ ಪಕ್ಕದ ಕೊಂಬೆಯ ಹಣ್ಣು ಬೆಂಗಳೂರಿಗೆ ಹೋಗುವುದಾದರೆ ಕ್ರೇಟಿಗೆ ಹುಲ್ಲು ಹಾಸಿ, ತುಂಬಿ, ಲಾರಿ ಹತ್ತಿಸಿ ಕೈ ತೊಳೆದುಕೊಳ್ಳುತ್ತೇವೆ. ಹಣ್ಣು ಹೆಚ್ಚುವಾಗ ಹುಳು ಕಂಡರೆ ಲಂಡನ್ನಿನ ಅಧಿಕಾರಿ ಇಡೀ ದೇಶದ ಮಾವಿಗೆ ಬಾಗಿಲು ಹಾಕುತ್ತಾನೆ. ಬೆಂಗಳೂರಿನ ಗೃಹಿಣಿ ಆ ಭಾಗವನ್ನು ಕತ್ತರಿಸಿ ಎಸೆದು, ಉಳಿದದ್ದನ್ನು ಮಕ್ಕಳಿಗೆ ಕೊಟ್ಟು, ಮುಂದಿನ ವಾರ ಮಾವಿನ ಬದಲು ದ್ರಾಕ್ಷಿ ಕೊಳ್ಳುತ್ತಾರೆ. ಆಕೆಯ ದೂರು ಯಾವ ಕಡತದಲ್ಲೂ ದಾಖಲಾಗುವುದಿಲ್ಲವಾದ್ದರಿಂದ ನಮಗೆ ಅದು ಕೇಳಿಸುವುದೂ ಇಲ್ಲ.

ಇವತ್ತು ನಾನು ವಾದಿಸಲು ಬಂದಿರುವುದು ಇಷ್ಟೇ: ಪರದೇಶದವರಿಗೆಂದು ಕಲಿತ ಆ ಬಿಸಿನೀರಿನ ಸ್ನಾನ ನಮ್ಮವರು ತಿನ್ನುವ ಹಣ್ಣಿಗೂ ಆಗಬೇಕು. ಅದಕ್ಕೆ ಮೊದಲು ಹಣ್ಣಿನೊಳಗೆ ನಡೆಯುವುದೇನು, ಬಿಸಿನೀರು ಮಾಡುವುದೇನು, ಅದರಿಂದ ಆಗದ್ದೇನು ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ.

ನಾವು ಇಲ್ಲಿ ಊಜಿ ಎಂದು ಬೈಯುವ ಹಣ್ಣುನೊಣ ರೇಷ್ಮೆಹುಳುವಿಗೆ ಗಂಟುಬೀಳುವ ಊಜಿಯಲ್ಲ. ಅದರ ಕುಲವೇ ಬೇರೆ. ಅಡುಗೆಮನೆಯಲ್ಲಿ ಕೊಳೆತ ಬಾಳೆಹಣ್ಣಿನ ಸುತ್ತ ಹಾರಾಡುವ ಪುಟ್ಟ ನೊಣವೂ ಇದಲ್ಲ. ಆ ಪುಟ್ಟ ನೊಣ ಕೊಳೆತದ್ದನ್ನು ಹುಡುಕಿಕೊಂಡು ಬರುತ್ತದೆ. ನಮ್ಮ ಶತ್ರು ಮರದ ಮೇಲಿನ ಬಲಿತ ಗಟ್ಟಿ ಕಾಯಿಯನ್ನೇ ಚುಚ್ಚುತ್ತದೆ. ಇದರ ಶಾಸ್ತ್ರೀಯ ಹೆಸರು ಬ್ಯಾಕ್ಟ್ರೊಸೆರಾ ಡಾರ್ಸಾಲಿಸ್. ಗಾತ್ರದಲ್ಲಿ ಮನೆನೊಣಕ್ಕೆ ಸಮ, ಬೆನ್ನಿನ ಮೇಲೆ ಎರಡು ಹಳದಿ ಪಟ್ಟೆ, ತೆಳುವಾದ ಸೊಂಟ. ದೂರದಿಂದ ಕಂಡವರು ಸಣ್ಣ ಕಣಜವೆಂದೇ ತಿಳಿಯುತ್ತಾರೆ. ಮಾವು ಮುಗಿದರೆ ಸೀಬೆ, ಸೀಬೆ ಮುಗಿದರೆ ಸಪೋಟ; ಅದಕ್ಕೆ ಉಪವಾಸದ ದಿನವೆಂಬುದಿಲ್ಲ. 2003ರಲ್ಲಿ ಕೀನ್ಯಾದಲ್ಲಿ ಮೊದಲು ಕಾಣಿಸಿಕೊಂಡ ಇದರ ಒಂದು ಬಳಗ ಕೆಲವೇ ವರ್ಷಗಳಲ್ಲಿ ಆಫ್ರಿಕಾದ ಬಹುಭಾಗವನ್ನು ಆವರಿಸಿತು. ಮೊದಮೊದಲು ಅದನ್ನು ಬೇರೆಯೇ ಪ್ರಭೇದವೆಂದು ಹೆಸರಿಟ್ಟು ಕರೆದರು. ಆಮೇಲೆ ಪರೀಕ್ಷಿಸಿ ನೋಡಿದರೆ ಅದು ನಮ್ಮ ಏಷ್ಯಾದ ಈ ನೊಣವೇ. ಹಣ್ಣು ಕೊಳ್ಳುವ ದೇಶಗಳು ಇದರ ಹೆಸರೆತ್ತಿದರೆ ಬೆಚ್ಚಿಬೀಳುವುದು ಸುಮ್ಮನೆ ಅಲ್ಲ.

ಹೆಣ್ಣು ನೊಣದ ಬಾಲದ ತುದಿಯಲ್ಲಿ ಮೊಳೆಯಂಥ ಅಂಗವಿದೆ. ಅದರಿಂದ ಸಿಪ್ಪೆಯನ್ನು ಚುಚ್ಚಿ, ಅದರ ಕೆಳಗೇ ಸುಮಾರು ಒಂದು ಮಿಲಿಮೀಟರ್ ಉದ್ದದ ಬಿಳಿ ಮೊಟ್ಟೆಗಳನ್ನು ಗುಂಪಾಗಿ ಇಡುತ್ತದೆ. ಭೂತಗನ್ನಡಿ ಹಿಡಿದು ನೋಡಿದರೆ ಹೊಸದಾಗಿ ಚುಚ್ಚಿದ ಜಾಗದಲ್ಲಿ ಸೂಜಿಮೊನೆಯಷ್ಟು ಚುಕ್ಕೆ ಕಾಣುತ್ತದೆ. ಕೆಲವು ಕಾಯಿಗಳಲ್ಲಿ ಅಲ್ಲಿಂದ ಒಂದು ತೊಟ್ಟು ಸೊನೆ ಒಸರಿ, ಒಣಗಿ, ಬಿಸಿಲಿಗೆ ಹೊಳೆಯುತ್ತಿರುತ್ತದೆ. ಎರಡು ಮೂರು ದಿನ ಬಿಟ್ಟು ನೋಡಿದರೆ ಚುಕ್ಕೆಯ ಸುತ್ತ ಕಂದು ಉಂಗುರ. ಬೆರಳಿನಿಂದ ಒತ್ತಿದರೆ ಒಳಗೆ ಮೆತ್ತಗೆ. ಆದರೆ ಕೊಯ್ಲಿನ ದಿನ, ನೂರಾರು ಕ್ರೇಟುಗಳ ನಡುವೆ, ಕೂಲಿಯವರ ಕಣ್ಣಿಗೆ ಆ ಸೂಜಿಮೊನೆ ಎಲ್ಲಿ ಬೀಳಬೇಕು? ಆಯ್ಕೆಯ ಮೇಜಿನಲ್ಲಿ ಎಷ್ಟೇ ಚುರುಕಾದವರನ್ನು ಕೂರಿಸಿದರೂ ಹೊಸ ಚುಚ್ಚು ತಪ್ಪಿಸಿಕೊಳ್ಳುತ್ತದೆ.

ಈಗ ದಿನಗಳ ಲೆಕ್ಕ ಗಮನಿಸಿ. ನಮ್ಮ ಬೇಸಿಗೆಯ ಸೆಕೆಯಲ್ಲಿ ಮೊಟ್ಟೆ ಒಡೆಯಲು ಒಂದೆರಡು ದಿನ ಸಾಕು. ಮರಿಹುಳು ಮೂರು ಹಂತ ದಾಟಿ ಬಲಿಯಲು ವಾರದಿಂದ ಹತ್ತು ದಿನ. ಬಲಿತ ಮೇಲೆ ಹಣ್ಣನ್ನು ಕೊರೆದು ಹೊರಬಂದು, ಮೈಯನ್ನು ಬಿಲ್ಲಿನಂತೆ ಬಗ್ಗಿಸಿ ಟಣ್ಣನೆ ಚಿಮ್ಮಿ ನೆಲಕ್ಕೆ ಬಿದ್ದು, ಮಣ್ಣಿನಲ್ಲಿ ಕೆಲವು ಸೆಂಟಿಮೀಟರ್ ಕೆಳಗೆ ಕೋಶ ಕಟ್ಟುತ್ತದೆ. ನಾವು ಕಿತ್ತ ಬಲಿತ ಕಾಯಿ ಮಾಗಿ ಗ್ರಾಹಕರ ಮನೆಯಲ್ಲಿ ಕತ್ತರಿಸುವ ಹೊತ್ತಿಗೆ ಎಷ್ಟು ದಿನವಾಗುತ್ತದೆ? ಅದೂ ಸರಿಸುಮಾರು ಅಷ್ಟೇ. ಹುಳುವೂ ಹಣ್ಣೂ ಒಟ್ಟಿಗೇ ಮಾಗುತ್ತವೆ. ತೋಟದಲ್ಲಿ ನಾವು ಕಂಡದ್ದು ಚೊಕ್ಕ ಕಾಯಿ, ಮಂಡಿಯವನು ಕಂಡದ್ದು ಚೊಕ್ಕ ಕಾಯಿ, ಅಂಗಡಿಯವನು ಕಂಡದ್ದೂ ಚೊಕ್ಕ ಹಣ್ಣೇ. ಹುಳು ಕಾಣುವುದು ದುಡ್ಡು ಕೊಟ್ಟು ಮನೆಗೆ ಒಯ್ದವರಿಗೆ ಮಾತ್ರ.

ಇದನ್ನೇ ತಿರುಗಿಸಿ ನೋಡಿದರೆ ಚಿಕಿತ್ಸೆಯ ಸಮಯ ಯಾವುದೆಂಬುದು ಗೊತ್ತಾಗುತ್ತದೆ. ಕಿತ್ತ ದಿನ, ತಡವೆಂದರೆ ಮರುದಿನ. ಆಗ ಕೊನೆಯ ದಿನಗಳಲ್ಲಿ ಚುಚ್ಚಿದ ಕಾಯಿಯೊಳಗೆ ಇರುವುದು ಮೊಟ್ಟೆ, ಇಲ್ಲವೇ ಕಣ್ಣಿಗೆ ಕಾಣದಷ್ಟು ಎಳೆಯ ಹುಳು. ಆಗಲೇ ಕೊಂದರೆ ತಿರುಳಿಗೆ ಪೆಟ್ಟಿಲ್ಲ. ತಿನ್ನುವವರಿಗೆ ಸುಳಿವೂ ಸಿಗುವುದಿಲ್ಲ. ಐದು ದಿನ ಕಳೆದು ಬಿಸಿನೀರಿಗೆ ಹಾಕಿದರೆ ಸತ್ತ ಹುಳು, ಕೊಳೆತ ತಿರುಳು ಎರಡೂ ಒಳಗೇ ಇರುತ್ತವೆ. ಅಧಿಕಾರಿ ಒಪ್ಪಬಹುದು, ತಿನ್ನುವವರು ಒಪ್ಪುವುದಿಲ್ಲ.

ಕೊಲ್ಲುವುದು ಹೇಗೆ ಎಂಬುದಕ್ಕೆ ದೊಡ್ಡ ಚರಿತ್ರೆಯೇ ಇದೆ; ಬೇಕಾದಷ್ಟನ್ನು ಮಾತ್ರ ಹೇಳುತ್ತೇನೆ. 1929ರಲ್ಲಿ ಅಮೆರಿಕದ ಫ್ಲಾರಿಡಾಕ್ಕೆ ಮೆಡಿಟರೇನಿಯನ್ ಹಣ್ಣುನೊಣ ನುಗ್ಗಿದಾಗ ಕಿತ್ತಳೆ ಜಾತಿಯ ಹಣ್ಣುಗಳನ್ನು ಬಿಸಿ ಹಬೆಯಲ್ಲಿಟ್ಟು ಶುದ್ಧಮಾಡುವ ಕ್ರಮ ಬಳಕೆಗೆ ಬಂತು. ಆಮೇಲೆ ಅಗ್ಗದ ದಾರಿಯೊಂದು ಸಿಕ್ಕಿತು: ಎಥಿಲೀನ್ ಡೈಬ್ರೊಮೈಡ್ ಎಂಬ ಧೂಮ. ಕೋಣೆಯಲ್ಲಿ ಹಣ್ಣು ಜೋಡಿಸಿ ಎರಡು ಗಂಟೆ ಹೊಗೆಯಾಡಿಸಿದರೆ ಕೆಲಸ ಮುಗಿಯಿತು. ಜಗತ್ತೆಲ್ಲ ಅದನ್ನೇ ನೆಚ್ಚಿಕೊಂಡಿತು. ಅದು ಕ್ಯಾನ್ಸರ್ ತರಬಲ್ಲದು ಎಂದು ತಿಳಿದ ಮೇಲೆ 1984ರಲ್ಲಿ ಅಮೆರಿಕ ಅದನ್ನು ನಿಲ್ಲಿಸಿತು. ಉಷ್ಣವಲಯದ ಹಣ್ಣು ಬೆಳೆಯುವವರೆಲ್ಲ ಒಮ್ಮೆಲೇ ಬೀದಿಗೆ ಬಿದ್ದಂತಾಯಿತು. ಮತ್ತೆ ಬಿಸಿಯ ಕಡೆಗೇ ತಿರುಗಬೇಕಾಯಿತು.

ತಣ್ಣನೆಯದು ಯಾಕಾಗಬಾರದು ಎಂದು ಕೇಳುವವರಿದ್ದಾರೆ. ಕಿತ್ತಳೆ, ದ್ರಾಕ್ಷಿಗಳನ್ನು ಒಂದು ಡಿಗ್ರಿಯ ಆಸುಪಾಸಿನಲ್ಲಿ ಎರಡು ವಾರ ಇಟ್ಟು, ಹಡಗಿನ ಪ್ರಯಾಣದಲ್ಲೇ ಹುಳುವನ್ನು ಮುಗಿಸುತ್ತಾರೆ. ಮಾವಿಗೆ ಅದು ಆಗದು. 12–13 ಡಿಗ್ರಿಯ ಕೆಳಗೆ ಹೆಚ್ಚು ದಿನ ಇಟ್ಟರೆ ಸಿಪ್ಪೆ ಬೂದಿಬಣ್ಣಕ್ಕೆ ತಿರುಗಿ, ಹಣ್ಣು ಮಾಗುವುದನ್ನೇ ಮರೆಯುತ್ತದೆ. ಉಷ್ಣವಲಯದಲ್ಲಿ ಹುಟ್ಟಿದ ಹಣ್ಣು ಬಿಸಿಯನ್ನು ತಾಳಿಕೊಂಡಷ್ಟು ಚಳಿಯನ್ನು ತಾಳಿಕೊಳ್ಳುವುದಿಲ್ಲ.

ಬಿಸಿಯ ವಿಷಯದಲ್ಲಿ ಹವಾಯಿ ದ್ವೀಪದ ಪಪಾಯ ಬೆಳೆಗಾರರ ಕಥೆ ನಾವೆಲ್ಲ ತಿಳಿದಿರಬೇಕಾದದ್ದು. ಹೊಗೆ ನಿಂತ ಮೇಲೆ ಅವರು ಎರಡು ಮುಳುಗಿನ ಪದ್ಧತಿ ತಂದರು: ಮೊದಲು 42 ಡಿಗ್ರಿ ನೀರು, ಆಮೇಲೆ 49 ಡಿಗ್ರಿ ನೀರು. ಅವರ ಲೆಕ್ಕ ಹೀಗಿತ್ತು: ಹಸಿರು ಪಪಾಯದಲ್ಲಿ ಹಾಲಿನಂಥ ಸೊನೆ ಇರುವುದರಿಂದ ಮೊಟ್ಟೆ, ಎಳೆಯ ಹುಳು ಸಿಪ್ಪೆಯ ಹತ್ತಿರವೇ ಉಳಿಯುತ್ತವೆ, ಅಷ್ಟು ಆಳಕ್ಕೆ ಬಿಸಿ ತಲುಪಿದರೆ ಸಾಕು, ನಡುವಿನ ತನಕ ಕಾಯಿಸಬೇಕಾಗಿಲ್ಲ. ಕಾಲುಭಾಗಕ್ಕಿಂತ ಕಡಿಮೆ ಹಣ್ಣಾದದ್ದನ್ನೇ ಆರಿಸಬೇಕೆಂಬ ನಿಯಮವೂ ಇತ್ತು. ಲೆಕ್ಕದಲ್ಲಿ ಏನೂ ಕೊರತೆಯಿರಲಿಲ್ಲ. ಆದರೆ ಕೆಲವು ಪಪಾಯಗಳಲ್ಲಿ ಹೂವಿನ ತುದಿ ಸರಿಯಾಗಿ ಮುಚ್ಚಿಕೊಳ್ಳದೆ, ಹೊರಗಿನಿಂದ ನೇರವಾಗಿ ಬೀಜದ ಗೂಡಿಗೆ ಒಂದು ಸಣ್ಣ ದಾರಿ ಉಳಿದುಬಿಟ್ಟಿತ್ತು. ಆ ದಾರಿಯಿಂದ ಒಳಹೊಕ್ಕ ಹುಳು ಹಣ್ಣಿನ ಹೊಟ್ಟೆಯಲ್ಲಿ ಕುಳಿತು, ಮೇಲಿನ ಬಿಸಿನೀರಿಗೆ ಸೊಪ್ಪು ಹಾಕಲಿಲ್ಲ. 1987ರಲ್ಲಿ ಚಿಕಿತ್ಸೆ ಮುಗಿಸಿದ ಹಣ್ಣಿನಲ್ಲೇ ಜೀವಂತ ಹುಳು ಸಿಕ್ಕಿತು. ಪದ್ಧತಿಯನ್ನೇ ಕೈಬಿಟ್ಟು, ಹಣ್ಣಿನ ನಡುವಿನವರೆಗೂ ಬಿಸಿ ತಲುಪಿಸುವ ಹಬೆ ಮತ್ತು ಬಿಸಿಗಾಳಿಯ ಯಂತ್ರಗಳಿಗೆ ಹೋಗಬೇಕಾಯಿತು.

ನೀರಿನ ಉಷ್ಣತೆ ಎಷ್ಟೆಂಬುದು ಅರ್ಧ ವಿಷಯ. ಹುಳು ಎಲ್ಲಿ ಕುಳಿತಿದೆ, ಅಲ್ಲಿಯ ಉಷ್ಣತೆ ಎಷ್ಟು ಎಂಬುದೇ ಮುಖ್ಯ. ಜಪಾನಿನವರು ತಮ್ಮ ನಿಯಮವನ್ನು ಬರೆದಿರುವುದೂ ಹಾಗೆಯೇ. ಹಬೆಯ ಕೋಣೆ ಎಷ್ಟು ಬಿಸಿಯಾಗಿದೆ ಎಂದು ಅವರು ಕೇಳುವುದಿಲ್ಲ. ಹಣ್ಣಿನ ನಡುವಿನ ತಿರುಳು 47.5 ಡಿಗ್ರಿ ಮುಟ್ಟಿ 20 ನಿಮಿಷ ನಿಂತಿತೇ ಎಂದು ಕೇಳುತ್ತಾರೆ. ತಿರುಳಿಗೆ ಚುಚ್ಚಿದ ತಾಪಮಾಪಕದ ಕಡ್ಡಿಯೇ ಅಲ್ಲಿ ಸಾಕ್ಷಿ. 1986ರಿಂದ ಮುಚ್ಚಿದ್ದ ಜಪಾನಿನ ಬಾಗಿಲು 2006ರಲ್ಲಿ ನಮ್ಮ ಬಾದಾಮಿ, ಬೇನಿಶಾ, ಮಲ್ಲಿಕಾ, ಕೇಸರ್ ಮುಂತಾದವಕ್ಕೆ ತೆರೆದದ್ದು ಆ ಸಾಕ್ಷಿಯ ಬಲದಿಂದ.

ಈ ವಿದ್ಯೆಯಲ್ಲಿ ಒಂದು ವಿಚಿತ್ರ ಸಂಖ್ಯೆ ಇದೆ: 93,613. ಒಂದು ಚಿಕಿತ್ಸೆ ಭರವಸೆಗೆ ತಕ್ಕದ್ದೆಂದು ಒಪ್ಪಿಸಬೇಕಾದರೆ ಇಷ್ಟು ಹುಳುಗಳ ಮೇಲೆ ಪ್ರಯೋಗಿಸಿ ಒಂದೂ ಬದುಕಲಿಲ್ಲ ಎಂದು ತೋರಿಸಬೇಕು. ಆಗ ಶೇಕಡ 95ರಷ್ಟು ವಿಶ್ವಾಸದಿಂದ ‘ಹತ್ತು ಲಕ್ಷಕ್ಕೆ 32ಕ್ಕಿಂತ ಹೆಚ್ಚು ಉಳಿಯುವುದಿಲ್ಲ’ ಎನ್ನಬಹುದು. 1939ರಲ್ಲಿ ಎ. ಸಿ. ಬೇಕರ್ ಎಂಬ ಅಮೆರಿಕದ ವಿಜ್ಞಾನಿ ಮುಂದಿಟ್ಟ ಅಳತೆ ಇದು. ಯಾವ ಬೆಳೆಗೆ ಎಷ್ಟು ಹುಳು ಬೀಳುತ್ತದೆ ಎಂಬುದನ್ನು ಲೆಕ್ಕಿಸದೆ ಎಲ್ಲದಕ್ಕೂ ಇದೇ ಕೋಲಿನಿಂದ ಅಳೆಯುವುದು ಅತಿಯಾಯಿತೆಂದು ವಾದಿಸುವ ವಿಜ್ಞಾನಿಗಳಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ ಎಂದೇ ನನಗೂ ಅನ್ನಿಸುತ್ತದೆ. ಆದರೆ ಕೊಳ್ಳುವವನು ಹಾಕಿದ ಷರತ್ತು. ಮಾರುವವರಿಗೆ ಅಲ್ಲಿ ಮಾತಿಲ್ಲ.

ಈಗ ತೊಟ್ಟಿಯ ಹತ್ತಿರ ಬರೋಣ. ಸಿಪ್ಪೆ ಬೇಗ ಬಿಸಿಯಾಗುತ್ತದೆ. ಓಟೆಯ ಪಕ್ಕದ ತಿರುಳಿಗೆ ಬಿಸಿ ಇಳಿಯುವುದು ನಿಧಾನ. ಆ ಒಂದು ಗಂಟೆಯ ಬಹುಪಾಲು ಅದಕ್ಕೇ ವೆಚ್ಚವಾಗುತ್ತದೆ. ಹಾಗಾದರೆ ನೀರನ್ನೇ 52 ಡಿಗ್ರಿಗೆ ಏರಿಸಿ ಬೇಗ ಮುಗಿಸಬಾರದೇ? ಹಣ್ಣು ಕೊಳೆಸುವ ಚಿಬ್ಬು ಎಂಬ ಶಿಲೀಂಧ್ರ ರೋಗ ತಡೆಯಲು 52 ಡಿಗ್ರಿಯಲ್ಲಿ ಕೆಲವೇ ನಿಮಿಷ ಅದ್ದಿ ತೆಗೆಯುವ ಕ್ರಮ ಇದೆ ನಿಜ. ಆದರೆ ಆ ಬಿಸಿಯಲ್ಲಿ ಒಂದು ಗಂಟೆ ಇಟ್ಟರೆ ಸಿಪ್ಪೆ ಬೆಂದು ಕಪ್ಪಾಗುತ್ತದೆ, ಒಳಗಿನ ಪಿಷ್ಟ ಸಕ್ಕರೆಯಾಗದೆ ಗಟ್ಟಿ ಗಂಟಾಗಿ ಉಳಿಯುತ್ತದೆ. ಇತ್ತ 45ಕ್ಕೆ ಇಳಿದರೆ ಹುಳು ಬದುಕುತ್ತದೆ. ಹುಳು ಸಾಯಬೇಕು, ಹಣ್ಣು ಸಾಯಬಾರದು. ಎರಡರ ನಡುವೆ ಇರುವುದು ಎರಡು ಮೂರು ಡಿಗ್ರಿಯ ಸಂದು. ಕೈ ಅದ್ದಿ ‘ಹದವಾಗಿದೆ’ ಎನ್ನುವ ಅಂದಾಜು ಇಲ್ಲಿ ನಡೆಯುವುದಿಲ್ಲ. ನಿಧಾನವಾಗಿ ಬಿಸಿ ಏರಿಸಿದರೆ ಹಣ್ಣು ಚೆನ್ನಾಗಿ ತಾಳಿಕೊಳ್ಳುತ್ತದೆ ಎಂಬುದು ಗೊತ್ತಿದ್ದದ್ದೇ; ಆದರೆ ನಿಧಾನವಾಗಿ ಏರಿಸಿದರೆ ಕೀಟವೂ ಬಿಸಿಗೆ ಒಗ್ಗಿಕೊಳ್ಳುತ್ತದೆ ಎಂಬುದು ಆಮೇಲೆ ತಿಳಿದ ಸಂಗತಿ.

ಹಣ್ಣಿನ ಗಾತ್ರಕ್ಕೂ ಸಮಯಕ್ಕೂ ನೇರ ನಂಟು. ಅಮೆರಿಕದ ಕೃಷಿ ಇಲಾಖೆ ಮೆಕ್ಸಿಕೊ ಮುಂತಾದ ದೇಶಗಳ ಮಾವಿಗೆ ಒಪ್ಪಿರುವ ಬಿಸಿನೀರಿನ ಪಟ್ಟಿಯಲ್ಲಿ 46.1 ಡಿಗ್ರಿ ನೀರಿಗೆ, ಹಣ್ಣಿನ ಆಕಾರ ಮತ್ತು ತೂಕ ನೋಡಿ, 65ರಿಂದ 110 ನಿಮಿಷದವರೆಗೆ ಬೇರೆ ಬೇರೆ ಅವಧಿ ಇದೆ. ನಮ್ಮಲ್ಲಿ ಒಂದೇ ಬುಟ್ಟಿಗೆ ಕೈಯಷ್ಟಗಲದ ಮಲ್ಲಿಕಾ, ಮುಷ್ಟಿಯಷ್ಟು ಬಾದಾಮಿ ಎರಡನ್ನೂ ತುಂಬುವವರಿದ್ದಾರೆ. ಸಣ್ಣದು ಬೇಯುತ್ತದೆ, ದೊಡ್ಡದರಲ್ಲಿ ಹುಳು ಉಳಿಯುತ್ತದೆ. ಗಾತ್ರದ ವಿಂಗಡಣೆ ಅಂದಕ್ಕಷ್ಟೇ ಎಂದುಕೊಳ್ಳಬೇಡಿ. ಶೀತಲ ಕೋಣೆಯಿಂದ ತೆಗೆದ ಹಣ್ಣನ್ನು ನೇರವಾಗಿ ತೊಟ್ಟಿಗೆ ಹಾಕಿದರೂ ಲೆಕ್ಕ ತಪ್ಪುತ್ತದೆ. ಆ ಪಟ್ಟಿಯ ಪ್ರಕಾರ ತೊಟ್ಟಿಗೆ ಇಳಿಯುವ ಮುಂಚೆ ತಿರುಳು ಕನಿಷ್ಠ 21 ಡಿಗ್ರಿ ಇರಲೇಬೇಕು, ಹಣ್ಣಿನ ಮೇಲೆ ಸುಮಾರು 10 ಸೆಂಟಿಮೀಟರ್ ನೀರು ನಿಂತಿರಲೇಬೇಕು.

ತೇಲುವ ಕಾಯಿಯ ಬಗ್ಗೆ ಒಂದು ಮಾತು. ಬಲಿತ ಮಾವು ನೀರಿನಲ್ಲಿ ಮುಳುಗುತ್ತದೆ; ಎಳೆಯದು ತೇಲುತ್ತದೆ. ಎಳೆಯ ಕಾಯಿ ಬಿಸಿಯನ್ನು ತಾಳುವುದೂ ಇಲ್ಲ, ಆಮೇಲೆ ಸರಿಯಾಗಿ ಮಾಗುವುದೂ ಇಲ್ಲ. ಆದ್ದರಿಂದ ಮೊದಲು ತಣ್ಣೀರಿನ ತೊಟ್ಟಿಗೆ ಸುರಿದು, ತೇಲಿದ್ದನ್ನೆಲ್ಲ ಉಪ್ಪಿನಕಾಯಿಯವರಿಗೆ ಕೊಟ್ಟುಬಿಡಿ. ಕೀಳುವಾಗ ಒಂದಿಷ್ಟು ತೊಟ್ಟು ಬಿಟ್ಟು ಕತ್ತರಿಸಿ, ಸೊನೆ ಇಳಿಸಿ ಬನ್ನಿ. ಸೊನೆ ಮೆತ್ತಿದ ಸಿಪ್ಪೆಯ ಮೇಲೆ ಬಿಸಿನೀರು ಬಿದ್ದರೆ ಕಲೆ ಎದ್ದು ಕಾಣುತ್ತದೆ. ಆಗ ಎಲ್ಲರೂ ಬೈಯುವುದು ಬಿಸಿನೀರನ್ನು.

ಒಂದು ಗಂಟೆ ಮುಗಿದ ತಕ್ಷಣ ತಣ್ಣೀರಿಗೆ ಹಾಕಿ ತಂಪು ಮಾಡುವ ಆತುರವೂ ಬೇಡ. ರಾಗಿಮುದ್ದೆ ಮೇಲೆ ಆರಿದರೂ ಒಳಗೆ ಸುಡುತ್ತಿರುವಂತೆ ಹಣ್ಣಿನ ಒಳಗಿನ ಬಿಸಿ ಇನ್ನೂ ಕೆಲಸ ಮಾಡುತ್ತಿರುತ್ತದೆ. ಅರ್ಧ ಗಂಟೆ ಹಾಗೇ ಬಿಟ್ಟು, ಆಮೇಲೆ ತಂಪು ಮಾಡುವುದು ಕ್ರಮ.

ಬಿಸಿನೀರಿಗೆ ನೆನಪಿನ ಶಕ್ತಿಯಿಲ್ಲ ಎಂಬುದನ್ನು ಬಹಳ ಜನ ಮರೆಯುತ್ತಾರೆ. ಔಷಧಿಯಾದರೆ ಸಿಪ್ಪೆಯ ಮೇಲೆ ಕೆಲವು ದಿನ ನಿಲ್ಲುತ್ತದೆ; ಅದೇ ಅದರ ದೋಷ, ಅದೇ ಅದರ ಗುಣ. ಬಿಸಿ ಆರಿದ ಮೇಲೆ ಏನೂ ಉಳಿಯುವುದಿಲ್ಲ. ತೊಟ್ಟಿಯಿಂದ ತೆಗೆದು ತೆರೆದ ಚಪ್ಪರದಡಿ ಹರಡಿದರೆ ನೊಣ ಬಂದು ಮತ್ತೆ ಚುಚ್ಚುತ್ತದೆ. ರಫ್ತಿನ ಕಟ್ಟಡಗಳಲ್ಲಿ ಕಿಟಕಿಗೆಲ್ಲ ಸಣ್ಣ ಕಣ್ಣಿನ ಜಾಲರಿ, ಎರಡೆರಡು ಬಾಗಿಲು, ಪೆಟ್ಟಿಗೆಯ ಗಾಳಿರಂಧ್ರಕ್ಕೂ ಬಲೆ ಕೇಳುವುದು ಇದೇ ಕಾರಣಕ್ಕೆ. ನಾನು ಕಂಡ ಒಂದು ಪ್ಯಾಕಿಂಗ್ ಶಾಲೆಯಲ್ಲಿ ಜಾಲರಿ, ಬಾಗಿಲು, ದಾಖಲೆ ಪುಸ್ತಕ ಎಲ್ಲ ಅಚ್ಚುಕಟ್ಟು. ಹಿಂಬದಿಯ ಗೋಡೆಗೆ ಒರಗಿಸಿ, ಆಯ್ದು ತಿರಸ್ಕರಿಸಿದ ಹಣ್ಣುಗಳ ಗುಡ್ಡೆ! ಹುಳು ಹಿಡಿದವನ್ನೆಲ್ಲ ಆರಿಸಿ ತೆಗೆದು, ಅವು ಹಾಯಾಗಿ ನೊಣವಾಗಲೆಂದು ಬಾಗಿಲ ಬುಡದಲ್ಲೇ ಸಾಕಿದ್ದರು. ಕೇಳಿದರೆ, ‘ಟ್ರಾಕ್ಟರ್ ಶನಿವಾರ ಬರುತ್ತದೆ’ ಎಂದರು. ಹುಳುವಿಗೆ ಶನಿವಾರದವರೆಗೆ ಕಾಯುವ ಅಗತ್ಯವಿಲ್ಲ.

ವಿಕಿರಣದ ಬಗ್ಗೆ ಚುಟುಕಾಗಿ ಹೇಳುತ್ತೇನೆ, ಯಾಕೆಂದರೆ ನಮ್ಮಂಥವರು ಮನೆಯಲ್ಲಿ ಮಾಡುವ ಕೆಲಸ ಅದಲ್ಲ. 2007ರ ಏಪ್ರಿಲ್‌ನಲ್ಲಿ ಭಾರತದ ಮಾವು ಮತ್ತೆ ಅಮೆರಿಕ ಮುಟ್ಟಿದ್ದು ಮಹಾರಾಷ್ಟ್ರದ ಲಾಸಲ್‌ಗಾಂವ್‌ನ ವಿಕಿರಣ ಕೇಂದ್ರದಿಂದ. ನಮ್ಮ ಜಿಲ್ಲೆಯ ಮಾಲೂರಿನಲ್ಲೂ ಅಂಥ ಘಟಕ ಇದೆ. ಹಣ್ಣುನೊಣ ಒಂದಕ್ಕೇ ಆದರೆ 150 ಗ್ರೇ (ಹಣ್ಣು ಹೀರಿದ ವಿಕಿರಣದ ಅಳತೆ) ಸಾಕು. ಮಾವಿಗೆ 400 ಗ್ರೇ ಕೊಡುವುದು ಓಟೆಯೊಳಗೆ ಅಡಗುವ ಮೂತಿಹುಳು ಮುಂತಾದ ಬೇರೆ ಕೀಟಗಳ ದೆಸೆಯಿಂದ. ಆ ಮೂತಿಹುಳು ಬಿಸಿನೀರಿಗೆ ಬಗ್ಗುವ ಪ್ರಾಣಿಯಲ್ಲ. ವಿಕಿರಣದಲ್ಲಿ ಒಂದು ತಮಾಷೆ ಇದೆ: ಹುಳು ತಕ್ಷಣ ಸಾಯುವುದಿಲ್ಲ. ಒಳಗೆ ಹರಿದಾಡುತ್ತಲೇ ಇರಬಹುದು, ಆದರೆ ರೆಕ್ಕೆ ಮೂಡಿದ ನೊಣವಾಗುವುದಿಲ್ಲ, ಸಂತಾನ ಮುಂದುವರಿಯುವುದಿಲ್ಲ. ಹಾಗಾಗಿ ಆಚೆಯ ಬಂದರಿನಲ್ಲಿ ಹಣ್ಣು ಕತ್ತರಿಸಿ ನೋಡುವುದರಿಂದ ಏನೂ ತಿಳಿಯದು, ಕಾಗದಪತ್ರವನ್ನೇ ನಂಬಬೇಕು. ಹಣ್ಣು ವಿಕಿರಣಶೀಲವಾಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ಪ್ರಮಾಣಕ್ಕೂ ಅಂತರರಾಷ್ಟ್ರೀಯ ತಜ್ಞರ ಸಮಿತಿ 1980ರಲ್ಲೇ ಒಪ್ಪಿಗೆ ಕೊಟ್ಟಾಗಿದೆ.

ತೋಟದ ಕೆಲಸ ಇವತ್ತಿನ ವಿಷಯವಲ್ಲ, ಆದರೂ ಬಿಡುವಂತಿಲ್ಲ. ಗಂಡು ನೊಣವನ್ನು ಸೆಳೆಯುವ ಮೀಥೈಲ್ ಯೂಜಿನಾಲ್ ಬಲೆ ನಿಮಗೆಲ್ಲ ಗೊತ್ತು. ಅದರ ಮೂಲ ನಮ್ಮ ದೇಶದ್ದೇ: ಬಿಹಾರದ ಪೂಸಾದಲ್ಲಿ ಕೆಲಸ ಮಾಡುತ್ತಿದ್ದ ಕೀಟವಿಜ್ಞಾನಿ ಫ್ರಾಂಕ್ ಹೌಲೆಟ್, ಸೊಳ್ಳೆ ಓಡಿಸಲು ಹಚ್ಚಿಕೊಳ್ಳುವ ಸಿಟ್ರೊನೆಲ್ಲಾ ಎಣ್ಣೆಗೆ ಹಣ್ಣುನೊಣದ ಗಂಡುಗಳು ಮುತ್ತಿಕೊಳ್ಳುವುದನ್ನು ಕಂಡು 1912ರಲ್ಲಿ ಬರೆದರು. ಆ ಎಣ್ಣೆಯಲ್ಲಿರುವ ಮೀಥೈಲ್ ಯೂಜಿನಾಲ್ ತುಳಸಿಯಲ್ಲೂ ಇದೆ; ತುಳಸಿ ಜಜ್ಜಿ ಬಲೆಗಿಡುವ ಹಳ್ಳಿಯ ಉಪಾಯ ಮೂಢನಂಬಿಕೆಯಲ್ಲ. ಆದರೆ ಬಲೆಗೆ ಬೀಳುವುದು ಗಂಡು. ಪಕ್ಕದ ತೋಟದಲ್ಲಿ ಬಲೆಯಿಲ್ಲದಿದ್ದರೆ ಅಲ್ಲಿಂದ ಬಸಿರಾದ ಹೆಣ್ಣು ನಿಮ್ಮ ತೋಟಕ್ಕೆ ಹಾರಿಬರುತ್ತದೆ. ಊರಿಡೀ ಕಟ್ಟಿದರೆ ಬಲೆ, ಒಬ್ಬರೇ ಕಟ್ಟಿದರೆ ಅಲಂಕಾರ.

ಇನ್ನು ನನ್ನ ಮೊದಲ ವಾದಕ್ಕೆ ಬರುತ್ತೇನೆ. 2013ರಲ್ಲಿ ಭಾರತದಿಂದ ಹೋದ 207 ಹಣ್ಣು ತರಕಾರಿ ರವಾನೆಗಳಲ್ಲಿ ಹಣ್ಣುನೊಣ ಮುಂತಾದ ಕೀಟ ಸಿಕ್ಕಿತೆಂದು ಐರೋಪ್ಯ ಒಕ್ಕೂಟ 2014ರ ಮೇ 1ರಿಂದ ನಮ್ಮ ಮಾವನ್ನೂ ಅದರ ಜೊತೆಗೆ ಹಾಗಲ, ಪಡವಲ, ಬದನೆ, ಕೆಸುವನ್ನೂ ನಿಲ್ಲಿಸಿತು. ಎಲ್ಲರೂ ಎದ್ದು ಕುಳಿತರು. ತೊಟ್ಟಿಗಳು ಬಂದವು, ತಪಾಸಣೆ ಬಂತು. 2015ರ ಆರಂಭದಲ್ಲಿ ಮಾವಿನ ಮೇಲಿನ ನಿಷೇಧ ತೆರವಾಯಿತು. ಒಂದು ವರ್ಷದೊಳಗೆ ಮಾಡಿ ತೋರಿಸಿದೆವು! ಹಾಗೆಂದರೆ ಇದು ನಮ್ಮ ಕೈಲಾಗದ ಕೆಲಸವಲ್ಲ. 48 ಡಿಗ್ರಿ, 60 ನಿಮಿಷ ಎಂಬ ಶಿಫಾರಸಿನ ಹಿಂದೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕೆಲಸವೇ ಇದೆ. ಇಲ್ಲಿಂದ ಎರಡು ಗಂಟೆಯ ದಾರಿ.

ನಮ್ಮ ದೇಶದ ಮಾವಿನಲ್ಲಿ ಹೊರಗೆ ಹೋಗುವುದು ಒಂದು ಚಿಟಿಕೆ. ಉಳಿದದ್ದೆಲ್ಲ ನಮ್ಮವರೇ ತಿನ್ನುವುದು. ಎಲ್ಲ ಹಣ್ಣಿಗೂ ಬಿಸಿನೀರು ಎಂದು ನಾನು ಹೇಳುತ್ತಿಲ್ಲ. ತಿರುಳಿನ ಕಾರ್ಖಾನೆಗೆ ಹೋಗುವ ತೋತಾಪುರಿಗೆ ಅದು ದಂಡ. ಹೋಳಾಗಿ ತಟ್ಟೆಗೆ ಬರುವ ಬಾದಾಮಿ, ಬೇನಿಶಾ, ಮಲ್ಲಿಕಾಗಳಿಗೆ, ಅದರಲ್ಲೂ ಮುಂಗಾರಿನ ಹನಿ ಬಿದ್ದ ಮೇಲೆ ಕೀಳುವ ಹಣ್ಣಿಗೆ ಬೇಕು. ಮಳೆ ಬಂದು ಮಣ್ಣು ಮೆತ್ತಗಾದರೆ ನೊಣದ ಸಂಖ್ಯೆ ಏರುವುದನ್ನು ನೀವೇ ಪ್ರತಿ ಜೂನ್‌ನಲ್ಲಿ ನೋಡುತ್ತೀರಿ. ನೀರು ಕಾಯಿಸುವ ವ್ಯವಸ್ಥೆ, ನೀರು ತಿರುಗಿಸುವ ಪಂಪು, ನಂಬುವಂಥ ತಾಪಮಾಪಕ. ಇದಿಷ್ಟಿದ್ದರೆ ಒಂದು ಬೆಳೆಗಾರರ ಸಂಘ ತೊಟ್ಟಿ ನಡೆಸಬಹುದು. ಜೊತೆಗೆ ಚಿಬ್ಬು ರೋಗವೂ ಕಡಿಮೆಯಾಗುತ್ತದೆ. ಹುಳುವಿಗಿಂತ ಹೆಚ್ಚು ಹಣ್ಣು ಕೊಳೆಸುವುದು ಕೆಲವು ವರ್ಷ ಅದೇ. ಮಾವಿನ ಮೇಳಗಳಲ್ಲಿ ‘ಕಾರ್ಬೈಡ್ ಹಾಕದ ಹಣ್ಣು’ ಎಂಬ ಫಲಕ ಕಂಡರೆ ಜನ ಸಾಲುಗಟ್ಟುತ್ತಾರೆ. ‘ಹುಳುವಿಲ್ಲದ ಹಣ್ಣು’ ಎಂಬ ಫಲಕವನ್ನು ಇದುವರೆಗೆ ಯಾರೂ ಧೈರ್ಯವಾಗಿ ತೂಗುಹಾಕಿದ್ದನ್ನು ನಾನು ಕಂಡಿಲ್ಲ.

ಇಲ್ಲಿಂದ ಮುಂದಿನದು ಸಭಿಕರ ಪ್ರಶ್ನೆಗಳು.

ಒಬ್ಬ ತಾಯಿ ಕೇಳಿದರು: ಮನೆಗೆ ತಂದ ಹಣ್ಣನ್ನು ಫ್ರಿಜ್‌ನಲ್ಲಿಟ್ಟರೆ ಹುಳು ಸಾಯುತ್ತದೆಯೇ? ಇಲ್ಲಮ್ಮ. ಬೆಳವಣಿಗೆ ನಿಧಾನವಾಗುತ್ತದೆ ಅಷ್ಟೇ. ಸಾಯುವಷ್ಟು ದಿನ ಇಟ್ಟರೆ ಹಣ್ಣೇ ಕೆಡುತ್ತದೆ. ಅರಿಯದೆ ಒಂದು ಹುಳು ಹೊಟ್ಟೆಗೆ ಹೋದರೆ ಹೆದರಬೇಕಾದದ್ದು ಸಾಮಾನ್ಯವಾಗಿ ಏನೂ ಇಲ್ಲ, ಅಸಹ್ಯ ಹೌದು.

ಹಂಡೆಯಲ್ಲಿ ಮಾಡಬಹುದೇ ಎಂದು ಒಬ್ಬ ಯುವ ಬೆಳೆಗಾರರು. ಮನೆಬಳಕೆಯ ಹತ್ತಿಪ್ಪತ್ತು ಹಣ್ಣಿಗೆ ಮಾಡಬಹುದು. ಹಣ್ಣು ಹಾಕಿದ ತಕ್ಷಣ ನೀರು ತಣಿಯುತ್ತದೆ, ಕೆಳಗೆ ಉರಿ ಹಾಕಿದರೆ ತಳ ಸುಡುತ್ತದೆ, ಮೇಲೆ ತಂಪಾಗಿರುತ್ತದೆ. ತಿರುವುತ್ತಲೇ ಇರಬೇಕು, ತಾಪಮಾಪಕದಿಂದ ಕಣ್ಣು ತೆಗೆಯಬಾರದು. ಮಾರಾಟದ ಹಣ್ಣಿಗೆ ಹಂಡೆ ಬೇಡ.

ರುಚಿ ಕೆಡುವುದಿಲ್ಲವೇ? ಸರಿಯಾಗಿ ಬಲಿತ ಕಾಯಿಯಲ್ಲಿ ಕೆಡುವುದಿಲ್ಲ. ಬಣ್ಣ ಇನ್ನಷ್ಟು ಒಂದೇ ಸಮನೆ ಬರುತ್ತದೆ. ಆದರೆ ಹಣ್ಣು ತುಸು ಬೇಗ ಮಾಗುತ್ತದೆ. ದೂರದ ಊರಿಗೆ ಕಳಿಸುವವರು ಆ ದಿನಗಳನ್ನು ಲೆಕ್ಕಕ್ಕೆ ಹಿಡಿಯಬೇಕು.

ಕೊನೆಯ ಪ್ರಶ್ನೆ ಹಿಂದಿನ ಸಾಲಿನ ಹಿರಿಯರೊಬ್ಬರದು, ಅವತ್ತಿನ ಅತ್ಯಂತ ಒಳ್ಳೆಯ ಪ್ರಶ್ನೆ: ‘ಹೂವು ಬಿಟ್ಟಾಗಲೇ ತೋಟ ಗುತ್ತಿಗೆಗೆ ಕೊಟ್ಟಿರುತ್ತೇವೆ. ಗುತ್ತಿಗೆದಾರ ಕಿತ್ತುಕೊಂಡು ಹೋಗುತ್ತಾನೆ. ಬಿದ್ದ ಹಣ್ಣು ಆಯುವವರು ಯಾರು?’ ಯಾರೂ ಆಯುವುದಿಲ್ಲ ಎಂಬುದೇ ನಿಜವಾದ ಉತ್ತರ. ಆ ಹಣ್ಣಿನ ಹುಳು ಮಣ್ಣಿಗಿಳಿದು, ಎದ್ದು, ನಿಮ್ಮ ಸೀಬೆಗೆ ಹೋಗುತ್ತದೆ. ಕರಾರು ಪತ್ರದಲ್ಲಿ ಒಂದು ಸಾಲು ಸೇರಿಸಿ: ಕೊಯ್ಲು ನಡೆಯುವಷ್ಟು ದಿನವೂ ಬಿದ್ದ ಹಣ್ಣನ್ನು ವಾರಕ್ಕೆ ಎರಡು ಸಲ ಆರಿಸಬೇಕು, ಮುಂಗಡದಲ್ಲಿ ಒಂದಿಷ್ಟನ್ನು ಅದು ಮುಗಿಯುವ ತನಕ ನೀವು ಹಿಡಿದಿಟ್ಟುಕೊಳ್ಳಬೇಕು. ಆರಿಸಿದ್ದನ್ನು ತಿಪ್ಪೆಗೆ ಎಸೆಯಬೇಡಿ. ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಬಿಗಿದು, ಬಿಸಿಲಿಗೆ ಹಾಕಿ. ಹವಾಯಿಯಲ್ಲಿ ಇದಕ್ಕೆ ಬಲೆಯ ಡೇರೆ ಕಟ್ಟುತ್ತಾರೆ. ಬಲೆಯ ಕಣ್ಣಿನಿಂದ ನೊಣ ಹೊರಬರಲಾಗದು, ಆದರೆ ಹುಳುವನ್ನು ಕೊಲ್ಲುವ ಸಣ್ಣ ಪರತಂತ್ರ ಕಣಜ ಹೊರಬಂದು ತೋಟ ಸೇರುತ್ತದೆ. ಅಷ್ಟು ನಾಜೂಕು ಬೇಡವೆಂದರೆ ಚೀಲವೇ ಸಾಕು. ‘ಗುತ್ತಿಗೆದಾರ ಆ ಸಾಲಿಗೆ ಒಪ್ಪದಿದ್ದರೆ?’ ಎಂದು ಅವರು ಮತ್ತೆ ಕೇಳಿದರು. ಈ ಸಭೆಯಲ್ಲಿರುವ ಬೆಳೆಗಾರರೆಲ್ಲ ಒಂದೇ ವರ್ಷ ಅದೇ ಸಾಲನ್ನು ಬರೆಸಿದರೆ ಆತ ಒಪ್ಪದೆ ಎಲ್ಲಿಗೆ ಹೋಗುತ್ತಾನೆ ಎಂದು ನಾನು ಕೇಳಿದೆ. ಸಂಘದ ಕಾರ್ಯದರ್ಶಿ ಅದನ್ನು ಮುಂದಿನ ಸಭೆಯ ವಿಷಯಪಟ್ಟಿಗೆ ಬರೆದುಕೊಂಡರು.